ಉಳಿದ ಖರ್ಚು ಎಲ್ಲಿಗೆ ಹೋಯಿತು?

(ಓದುಗರ ಬಳಗವೊಂದರ ತಿಂಗಳ ಉಪನ್ಯಾಸದಲ್ಲಿ ಆಡಿದ ಮಾತಿನ ಬರಹ ರೂಪ. ಕೊಟ್ಟ ವಿಷಯ: ‘ಒಕ್ಕೂಟ ವ್ಯವಸ್ಥೆಯ ಆಡಳಿತದಲ್ಲಿ ಸಮಾನತೆ ಮತ್ತು ದಕ್ಷತೆ’. ಮಾತಾಡುವಾಗ ಬಾಯಿಗೆ ಬಾರದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ವಿಷಯದ ಹೆಸರು ನೋಡಿ ನನಗೇ ಸ್ವಲ್ಪ ಭಯವಾಯಿತು. ಭಾನುವಾರ ಬೆಳಿಗ್ಗೆ ಇದನ್ನು ಕೇಳೋಕೆ ಯಾರು ಬರ್ತಾರೆ ಅಂತ. ಬಂದಿದ್ದೀರಿ. ಅದಕ್ಕೇ ದೊಡ್ಡ ಮಾತು ಆಮೇಲೆ ಇರಲಿ, ಮೊದಲು ಒಂದು ಬಸ್ಸಿನ ಕಥೆ ಹೇಳುತ್ತೇನೆ.

ನಾನು ಖಜಾನೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆರು ವರ್ಷ ಈಗಿನ ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಲ್ಲಿದ್ದೆ. ಆಗ ಅದಕ್ಕೆ ಹೈದರಾಬಾದ್ ಕರ್ನಾಟಕ ಅಂತ ಹೆಸರು. ತಾಲ್ಲೂಕು ಕೇಂದ್ರದಿಂದ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಗೆ ಒಂದು ವಸ್ತಿ ಬಸ್ ಹೋಗುತ್ತಿತ್ತು. ರಾತ್ರಿ ಎಂಟೂವರೆಗೆ ಹಳ್ಳಿ ಸೇರಿ, ಹನುಮಪ್ಪನ ಗುಡಿ ಮುಂದೆ ನಿಲ್ಲುತ್ತಿತ್ತು. ಡ್ರೈವರ್, ಕಂಡಕ್ಟರ್ ಗುಡಿ ಕಟ್ಟೆಯ ಮೇಲೆ ಮಲಗುತ್ತಿದ್ದರು. ಬೆಳಿಗ್ಗೆ ಆರೂಕಾಲಿಗೆ ಹೊರಟರೆ ಏಳೂವರೆಯೊಳಗೆ ತಾಲ್ಲೂಕಿನಲ್ಲಿ. ಅದರಲ್ಲಿ ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೊರಟ ಬಸುರಿಯರು, ಕಚೇರಿಗೆ ಅರ್ಜಿ ಹಿಡಿದು ಬರುವವರು.

ಒಂದು ದಿನ ಆ ಬಸ್ ನಿಂತುಹೋಯಿತು. ಪರಿಚಯದವರು ಅಂತ ಡಿಪೋಗೆ ಹೋಗಿ ಕೇಳಿದೆ. ಮ್ಯಾನೇಜರು ಒಂದು ಹಾಳೆ ಮುಂದಿಟ್ಟರು. ಯಾವ ರೂಟಿನಲ್ಲಿ ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಅನ್ನುವ ಪಟ್ಟಿ. ನಮ್ಮ ವಸ್ತಿ ಬಸ್ ಕೆಳಗಿನಿಂದ ಎರಡನೆಯದು. ‘ಡೀಸೆಲ್ ಕಾಸೂ ಹುಟ್ಟಲ್ಲ ಸಾರ್, ಮೇಲಿನವರಿಗೆ ನಾನೇನು ಹೇಳಲಿ?’ ಅಂದರು. ಅವರು ಕೆಟ್ಟವರಲ್ಲ. ಹಾಳೆಯಲ್ಲಿ ಇದ್ದದ್ದೇ ಅಷ್ಟು. ಬಸ್ ನಿಲ್ಲಿಸಿದ ಮೇಲೆ ಡಿಪೋದ ನಷ್ಟ ಕಡಿಮೆಯಾಯಿತು. ಕಾಗದದ ಮೇಲೆ ಡಿಪೋ ಮೊದಲಿಗಿಂತ ದಕ್ಷವಾಯಿತು.

ಆಮೇಲೆ ನಮ್ಮ ಖಜಾನೆಯ ಬಾಗಿಲಲ್ಲಿ ಅದರ ಫಲ ಕಾಣತೊಡಗಿತು. ಆ ಹಳ್ಳಿಯಿಂದ ಪಿಂಚಣಿ ವಿಚಾರಿಸಲು ಬರುತ್ತಿದ್ದ ಒಬ್ಬ ಅಜ್ಜಿ ಮೊದಲೆಲ್ಲ ಬೆಳಿಗ್ಗೆಯೇ ಬಂದು, ಕೆಲಸ ಮುಗಿಸಿ, ಹನ್ನೊಂದಕ್ಕೆಲ್ಲ ಹೊರಡುತ್ತಿದ್ದಳು. ಈಗ ಟಂಟಂ ಆಟೋ ತುಂಬುವವರೆಗೆ ಕಾಯಬೇಕು. ಬಸ್ಸಿಗಿಂತ ಎರಡು ಪಟ್ಟು ಚಾರ್ಜು. ಬಂದು ಸೇರುವಾಗ ಮಧ್ಯಾಹ್ನ ಒಂದು ಗಂಟೆ. ನಮ್ಮ ಗುಮಾಸ್ತರು ಊಟಕ್ಕೆ ಎದ್ದಿರುತ್ತಿದ್ದರು. ಜೊತೆಗೆ ಬಂದ ಸೊಸೆಯ ಒಂದು ದಿನದ ಕೂಲಿ ಹೋಯಿತು. ಕೆಲವು ಸಲ ‘ನಾಳೆ ಬಾ’ ಅಂದಾಗ ಇನ್ನೊಂದು ದಿನದ್ದೂ ಹೋಯಿತು. ಇಬ್ಬರು ಹುಡುಗಿಯರು ಪಿಯುಸಿ ಬಿಟ್ಟರು ಅಂತ ಅವಳೇ ಹೇಳಿದಳು.

ಡಿಪೋ ಉಳಿಸಿದ ದುಡ್ಡು ನಿಜವಾಗಿ ಉಳಿಯಿತಾ? ನನಗಂತೂ ಅದು ಡಿಪೋದ ಲೆಕ್ಕದಿಂದ ಎದ್ದು ಆ ಅಜ್ಜಿಯ ಲೆಕ್ಕಕ್ಕೆ ಹೋಗಿ ಕೂತಂತೆ ಕಂಡಿತು. ಅಜ್ಜಿಯ ಲೆಕ್ಕವನ್ನು ಯಾರೂ ಆಡಿಟ್ ಮಾಡುವುದಿಲ್ಲ, ಅಷ್ಟೇ ವ್ಯತ್ಯಾಸ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು. ದೆಹಲಿಯಿಂದ ಪಂಚಾಯಿತಿಯವರೆಗೆ, ದಕ್ಷತೆ ಹೆಚ್ಚಾಯಿತು ಅಂತ ಯಾರಾದರೂ ಹೇಳಿದರೆ, ಉಳಿದ ಖರ್ಚು ಯಾರ ತಲೆಗೆ ಹೋಯಿತು ಅಂತ ಕೇಳಬೇಕು. ನ್ಯಾಯವಾಗಿ ಹಂಚಿದೆವು ಅಂದರೆ, ಅದು ಯಾರ ಕೈ ತಲುಪಿತು ಅಂತ ಕೇಳಬೇಕು.

ಈಗ ದೆಹಲಿಗೆ ಹೋಗೋಣ.

ಸಂವಿಧಾನದ 280ನೇ ವಿಧಿ ಪ್ರಕಾರ ಐದು ವರ್ಷಕ್ಕೊಂದು ಹಣಕಾಸು ಆಯೋಗ ಬರುತ್ತದೆ. ಮೊದಲನೆಯದು 1951ರಲ್ಲಿ, ಕೆ.ಸಿ. ನಿಯೋಗಿ ಅಧ್ಯಕ್ಷತೆಯಲ್ಲಿ. ಆಯೋಗದ ಮುಖ್ಯ ಕೆಲಸ ಎರಡು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಒಟ್ಟು ಎಷ್ಟು ಅನ್ನುವುದು ಒಂದು. ಆ ಒಟ್ಟಿನಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅನ್ನುವುದು ಇನ್ನೊಂದು. ಮನೆಯಲ್ಲಿ ಆಸ್ತಿ ಪಾಲು ಮಾಡಿದವರಿಗೆ ಗೊತ್ತು, ಜಗಳ ಯಾವಾಗಲೂ ಎರಡನೆಯದರಲ್ಲೇ.

ಉದಾಹರಣೆಗೆ 15ನೇ ಆಯೋಗದ ಲೆಕ್ಕವನ್ನೇ ಹಿಡಿಯುತ್ತೇನೆ. ಎನ್.ಕೆ. ಸಿಂಗ್ ಅಧ್ಯಕ್ಷರಾಗಿದ್ದ ಆಯೋಗ ಅದು. ಕರ್ನಾಟಕದಲ್ಲಿ ಈ ವಿಷಯ ಕಟ್ಟೆ ಮೇಲಿನ ಮಾತಾಗಿದ್ದು ಅದರಿಂದಲೇ. ಅದಕ್ಕಿಂತ ಹಿಂದೆ, ವೈ.ವಿ. ರೆಡ್ಡಿ ಅವರ 14ನೇ ಆಯೋಗ ರಾಜ್ಯಗಳಿಗೆ ಶೇ. 42 ಕೊಟ್ಟಿತ್ತು. ಅದರಲ್ಲಿ ನಮ್ಮ ಪಾಲು ಶೇ. 4.713. 15ನೆಯದರಲ್ಲಿ ಒಟ್ಟು ಶೇ. 41, ನಮ್ಮ ಪಾಲು ಶೇ. 3.647. ಹೀಗೆ ಹೇಳಿದರೆ ತಲೆಗೆ ಹೋಗುವುದಿಲ್ಲ. ರೂಪಾಯಿ ಲೆಕ್ಕ ಮಾಡಿ. ದೇಶದ ಹಂಚಿಕೆಯ ತೆರಿಗೆ ಪೆಟ್ಟಿಗೆಗೆ 100 ರೂಪಾಯಿ ಬಿದ್ದರೆ ಮೊದಲು ಕರ್ನಾಟಕಕ್ಕೆ ಸುಮಾರು 1 ರೂಪಾಯಿ 98 ಪೈಸೆ ಬರುತ್ತಿತ್ತು. ಆಮೇಲೆ ಹೆಚ್ಚು ಕಡಿಮೆ ಒಂದೂವರೆ ರೂಪಾಯಿ. ಅದೇ 100ರಲ್ಲಿ ಉತ್ತರ ಪ್ರದೇಶಕ್ಕೆ 7 ರೂಪಾಯಿ ಚಿಲ್ಲರೆ, ಬಿಹಾರಕ್ಕೆ 4 ರೂಪಾಯಿ ಚಿಲ್ಲರೆ.

ಯಾಕೆ ಬಿತ್ತು? ಸೂತ್ರದಲ್ಲಿ ಅತಿ ದೊಡ್ಡ ತೂಕ, 100ಕ್ಕೆ 45, ಆದಾಯದ ಅಂತರಕ್ಕೆ. ಅಂದರೆ ನಿಮ್ಮ ರಾಜ್ಯದ ತಲಾ ಆದಾಯ ಮೇಲಿನ ರಾಜ್ಯದ ಆದಾಯಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಜಾಸ್ತಿ ಹಣ. ಬಡ ರಾಜ್ಯಕ್ಕೆ ಹೆಚ್ಚು ಕೊಡಬೇಕು ಅನ್ನುವ ನ್ಯಾಯ ಇದು, ತಪ್ಪಿಲ್ಲ. ಇನ್ನು ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಕಾಡಿಗೆ 10, ಜನಸಂಖ್ಯೆ ಹತೋಟಿಗೆ ತಂದಿದ್ದಕ್ಕೆ 12.5. ತೆರಿಗೆ ಚೆನ್ನಾಗಿ ವಸೂಲಿ ಮಾಡುವ ರಾಜ್ಯಕ್ಕೆ, ಅಂದರೆ ನಾವು ದಕ್ಷತೆ ಅಂತ ಕರೆಯುವುದಕ್ಕೆ, 2.5. ಊಟದ ಎಲೆಯಲ್ಲಿ ಉಪ್ಪಿಗೆ ಸಿಗುವಷ್ಟು ಜಾಗ.

ಇಲ್ಲಿ ಎರಡು ಸಂಗತಿ ಸೇರಿಕೊಂಡವು. ಒಂದು, 1971ರ ಜನಗಣತಿಯನ್ನು ಬಿಟ್ಟು 2011ರದ್ದನ್ನು ಹಿಡಿದದ್ದು. ‘ಕಡಿಮೆ ಮಕ್ಕಳು ಮಾಡಿಕೊಳ್ಳಿ’ ಅಂತ ಸರ್ಕಾರವೇ ಹೇಳಿತು, ಹಾಗೆ ಮಾಡಿದವರಿಗೆ ನಷ್ಟವಾಗಬಾರದು ಅಂತ ಹಲವು ದಶಕ 1971ರ ಲೆಕ್ಕವನ್ನು ಹಿಡಿದಿದ್ದರು. ಹಾಗೆ ಮಾಡಿದ ಕೇರಳದ ಪಾಲು ಎರಡು ಆಯೋಗಗಳ ನಡುವೆ ಶೇ. 2.5ರಿಂದ 1.925ಕ್ಕೆ ಇಳಿಯಿತು. ಇನ್ನೊಂದು ಸಂಗತಿ ನಮ್ಮ ಬೆಂಗಳೂರು.

ಬೆಂಗಳೂರು ನಗರ ಜಿಲ್ಲೆ ಒಂದೇ ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡುತ್ತದೆ. ಅದು ಬೆಳೆದಂತೆ ರಾಜ್ಯದ ಸರಾಸರಿ ಆದಾಯ ಮೇಲೇರಿತು. ಸರಾಸರಿ ಏರಿದಂತೆ ದೆಹಲಿಯ ಪಾಲು ಇಳಿಯಿತು. ಯಾದಗಿರಿಯಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳು ವೈಟ್‌ಫೀಲ್ಡಿನ ಇಂಜಿನಿಯರ್ ಜೊತೆ ಒಂದೇ ಸರಾಸರಿಯಲ್ಲಿ ನಿಂತು, ದೆಹಲಿಯ ಕಣ್ಣಿಗೆ ಶ್ರೀಮಂತಳಾಗಿ ಕಂಡಳು. ಅವಳಿಗೆ ಅದು ಗೊತ್ತೇ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನೋಡಿದರೆ ನ್ಯಾಯವಾದ ಸೂತ್ರ, ಜಿಲ್ಲೆಗೆ ಇಳಿದು ನೋಡಿದರೆ ಬೇರೆಯೇ ಮುಖ ತೋರಿಸುತ್ತದೆ. ಬಿಹಾರದ ಕೂಲಿಯವನಿಗೆ ಕೊಡುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಯಾದಗಿರಿಯ ಕೂಲಿಯವಳ ಪಾಲಿನಿಂದ ಕೊಡಬೇಡಿ ಅಂತಿದ್ದೇನೆ.

ಆ ಆಯೋಗಕ್ಕೂ ಇದು ಸ್ವಲ್ಪ ಹೆಚ್ಚಾಯಿತು ಅನ್ನಿಸಿರಬೇಕು. 2020-21ಕ್ಕೆ ಕೊಟ್ಟ ಮೊದಲ ವರದಿಯಲ್ಲಿ, ಹಿಂದಿನ ವರ್ಷಕ್ಕಿಂತ ಕೈಗೆ ಬರುವ ಹಣ ಕಡಿಮೆಯಾಗುವ ಮೂರು ರಾಜ್ಯಗಳಿಗೆ ವಿಶೇಷ ಅನುದಾನ ಕೊಡಿ ಅಂದಿತ್ತು. ಕರ್ನಾಟಕಕ್ಕೆ 5,495 ಕೋಟಿ, ತೆಲಂಗಾಣಕ್ಕೆ 723 ಕೋಟಿ, ಮಿಜೋರಾಂಗೆ 546 ಕೋಟಿ. ಕೇಂದ್ರ ಅದನ್ನು ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಹೋಗಿ ಜಂತರ್ ಮಂತರಿನಲ್ಲಿ ಧರಣಿ ಕೂತಿತ್ತಲ್ಲ, ಅದರ ಬೇರುಗಳಲ್ಲಿ ಇದೂ ಒಂದು.

ಸೆಸ್, ಸರ್ಚಾರ್ಜ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ತೆರಿಗೆಯ ಮೇಲೆ ಕೇಂದ್ರ ಹಾಕುವ ಹೆಚ್ಚುವರಿ ವಸೂಲಿ ಇವು. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಪೆಟ್ಟಿಗೆಗೆ ಬರುವುದೇ ಇಲ್ಲ. 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆಯಲ್ಲಿ ಇವು ಸುಮಾರು ಹತ್ತನೇ ಒಂದು ಭಾಗವಿದ್ದವು. 2020-21ಕ್ಕೆ ಐದನೇ ಒಂದು ಭಾಗದ ಹತ್ತಿರ ಬಂದವು. ಶೇ. 41 ಅಂತ ಕೇಳಲು ಚೆನ್ನಾಗಿದೆ, ಆದರೆ ಯಾವುದರ 41 ಅನ್ನುವುದು ಮುಖ್ಯ. ಹಂಡೆಯಿಂದ ಮೊದಲೇ ನಾಲ್ಕು ಸೌಟು ಪಕ್ಕಕ್ಕಿಟ್ಟು, ಉಳಿದದ್ದರಲ್ಲಿ ಅರ್ಧ ನಿಂದು ಅಂದ ಹಾಗೆ. ಈ ದೂರಿನಲ್ಲಿ ನಾನು ಪೂರ್ತಿ ರಾಜ್ಯಗಳ ಕಡೆ.

ಆದರೆ ‘ನಮ್ಮ ತೆರಿಗೆ ನಮ್ಮ ಹಕ್ಕು’ ಅನ್ನುವ ಘೋಷಣೆ ಇದೆಯಲ್ಲ, ಅದನ್ನು ಕೂಗಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಕೆಲವರಿಗೆ ಬೇಸರವಾಗಬಹುದು. ಎರಡು ಕಾರಣ.

ನಮ್ಮಲ್ಲಿ ಯಾರಿಗೂ ಅಷ್ಟಾಗಿ ನೆನಪಿಲ್ಲದ ಒಂದು ಹಳೇ ಕಥೆ ಇದೆ. 1950ರ ದಶಕದಿಂದ 1990ರ ದಶಕದ ಶುರುವಿನವರೆಗೆ ಸರಕು ಸಾಗಣೆ ದರ ಸಮೀಕರಣ ಅನ್ನುವ ನೀತಿ ಇತ್ತು. ಉಕ್ಕನ್ನು ದೇಶದ ಯಾವ ಮೂಲೆಗೆ ಒಯ್ದರೂ ಕೊಳ್ಳುವವನಿಗೆ ಒಂದೇ ದರ. ಸಾಗಣೆಯ ಹೆಚ್ಚಿನ ಖರ್ಚು ಸರ್ಕಾರದ ವ್ಯವಸ್ಥೆಯ ಮೇಲೆ. ಕೇಳಲು ಎಷ್ಟು ಸಮಾನ! ಆದರೆ ಗಣಿ ಇದ್ದದ್ದು ಅಂದಿನ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದಲ್ಲಿ. ಉಕ್ಕು ಅಲ್ಲೇ ಅಗ್ಗವಾಗಿ ಸಿಕ್ಕಿದ್ದರೆ ಕಾರ್ಖಾನೆ ಅಲ್ಲೇ ಏಳುತ್ತಿತ್ತು. ಎಲ್ಲೆಡೆ ಒಂದೇ ದರ ಅಂದಮೇಲೆ ಕಾರ್ಖಾನೆ ಕಟ್ಟುವವರು ಮಾರುಕಟ್ಟೆ, ಹಡಗಿನ ಬಂದರು ಹತ್ತಿರವಿದ್ದ ಪಶ್ಚಿಮಕ್ಕೆ, ದಕ್ಷಿಣಕ್ಕೆ ಬಂದರು. ಸಮಾನತೆಯ ಹೆಸರಿನಲ್ಲಿ ಬಡ ರಾಜ್ಯಗಳ ಅನುಕೂಲವನ್ನು ನಾಲ್ಕು ದಶಕ ನಾವು ಬಳಸಿಕೊಂಡೆವು. ಬಿಹಾರದ ಬಡತನಕ್ಕೆ ಅದೊಂದೇ ಕಾರಣ ಅಂತಲ್ಲ. ಆದರೆ ಇವತ್ತಿನ ಖಾತೆ ತೆಗೆಯುವಾಗ ಹಳೇ ಬಾಕಿಯನ್ನೂ ನೋಡಬೇಕಲ್ವಾ?

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಬೆಂಗಳೂರು ನಾಳೆ ಇದೇ ಘೋಷಣೆಯನ್ನು ಕಲಬುರಗಿಯ ಕಡೆ ತಿರುಗಿ ಕೂಗಿದರೆ? ‘ನಮ್ಮ ತೆರಿಗೆ, ನಮ್ಮ ರಸ್ತೆಗುಂಡಿಗೆ’ ಅಂತ ಈಗಾಗಲೇ ಹೇಳುವವರಿದ್ದಾರೆ. ಆಗ ನಮ್ಮ ಬಳಿ ಉತ್ತರವಿರುವುದಿಲ್ಲ. ದೆಹಲಿಗೆ ಹೇಳಿದ ವಾದವನ್ನೇ ಅವರು ನಮಗೆ ತಿರುಗಿಸಿ ಕೊಟ್ಟಿರುತ್ತಾರೆ.

ಈ ಜಗಳ ನಮ್ಮೊಬ್ಬರದೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಗಣಿಗಾರಿಕೆಯಿಂದ ಶ್ರೀಮಂತವಾದ ಪಶ್ಚಿಮ ಆಸ್ಟ್ರೇಲಿಯಾಕ್ಕೆ 2015-16ರಲ್ಲಿ, ಜನಸಂಖ್ಯೆ ಲೆಕ್ಕದಲ್ಲಿ ಒಂದು ಡಾಲರ್ ಬರಬೇಕಾದ ಕಡೆ ಸುಮಾರು 30 ಸೆಂಟ್ ಬಂತು. ಅಲ್ಲೂ ಹೀಗೇ ಕೂಗಾಟ. ಕೊನೆಗೆ 2018ರಲ್ಲಿ ಕಾನೂನು ತಂದು ಒಂದು ಕೆಳಮಿತಿ ಇಟ್ಟರು. ಯಾವ ರಾಜ್ಯಕ್ಕೂ ಒಂದು ಮಟ್ಟಕ್ಕಿಂತ ಕಡಿಮೆಯಾಗಬಾರದು, ಅದರ ಹೊರೆ ಬಡ ರಾಜ್ಯಗಳ ಮೇಲೂ ಬೀಳಬಾರದು, ಕೇಂದ್ರ ತನ್ನ ಜೇಬಿನಿಂದ ತುಂಬಲಿ ಅಂತ. ದುಬಾರಿ ಪರಿಹಾರ ಅಂತ ಅಲ್ಲಿನ ಅರ್ಥಶಾಸ್ತ್ರಜ್ಞರು ಇವತ್ತಿಗೂ ಬೈಯುತ್ತಾರೆ. ನನಗೆ ಅದರಲ್ಲಿ ಇಷ್ಟವಾದದ್ದು ಒಂದೇ: ಬಿದ್ದರೂ ಇಷ್ಟೇ ಬೀಳುತ್ತೀರಿ ಅಂತ ಮೊದಲೇ ಹೇಳಿದ್ದು. ಬಜೆಟ್ ಮಾಡುವವನಿಗೆ ಆ ಒಂದು ಮಾತು ಎಷ್ಟು ದೊಡ್ಡದು ಅಂತ ಖಜಾನೆಯಲ್ಲಿ ಕೂತವನಿಗೆ ಗೊತ್ತು.

ಈಗ ನಮ್ಮ ಮನೆಯೊಳಗಿನ ಲೆಕ್ಕ. ನನ್ನ ಅನುಭವ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

2000ರಲ್ಲಿ ರಾಜ್ಯ ಸರ್ಕಾರ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಮಾಡಿತು. 2002ರಲ್ಲಿ ವರದಿ ಬಂತು. ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು, 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೇಳಿತು. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚಿನ ವಿಶೇಷ ಯೋಜನೆ ಕೊಟ್ಟಿತು. ಆ ವರದಿಯ ದೊಡ್ಡತನ ನನ್ನ ಪ್ರಕಾರ ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿದದ್ದು. ‘ಉತ್ತರ ಬಡವ, ದಕ್ಷಿಣ ಶ್ರೀಮಂತ’ ಅನ್ನುವ ಸುಲಭದ ಮಾತನ್ನು ಅದು ಒಪ್ಪಲಿಲ್ಲ. ದಕ್ಷಿಣದಲ್ಲೂ ಅತ್ಯಂತ ಹಿಂದುಳಿದ ತಾಲ್ಲೂಕುಗಳಿವೆ ಅಂತ ಪಟ್ಟಿ ಕೊಟ್ಟಿತು. ಸರಾಸರಿಯ ಹಿಂದೆ ಅಡಗಿದ್ದವರನ್ನು ಎಳೆದು ಮುಂದೆ ನಿಲ್ಲಿಸಿತು.

ಆಮೇಲೆ 371ಜೆ ವಿಧಿ ಬಂತು. ಸಂವಿಧಾನದ 98ನೇ ತಿದ್ದುಪಡಿ. ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ, ಓದಿನಲ್ಲಿ, ನೌಕರಿಯಲ್ಲಿ ಮೀಸಲು. ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಿಸುವ ಮಟ್ಟಕ್ಕೆ ಬಂದಿದ್ದೇವೆ. ಆದರೂ ಬಿಡುಗಡೆಯಾದ ಹಣ ವರ್ಷದೊಳಗೆ ಖರ್ಚಾಗದೆ ಉಳಿಯುತ್ತದೆ ಅನ್ನುವುದು ಅಲ್ಲಿ ಹಳೇ ದೂರು. ಬೆಂಗಳೂರಿನಲ್ಲಿ ಕೂತವರು ತಕ್ಷಣ ಹೇಳುತ್ತಾರೆ: ‘ನೋಡಿ, ಕೊಟ್ಟರೂ ಖರ್ಚು ಮಾಡೋಕೆ ಬರಲ್ಲ.’

ಬರಲ್ಲ, ನಿಜ. ಯಾಕೆ ಬರಲ್ಲ ಅಂತ ಮಾರ್ಚ್ 31ರ ರಾತ್ರಿ ನಮ್ಮ ಕೌಂಟರಿನಲ್ಲಿ ನಿಂತರೆ ಗೊತ್ತಾಗುತ್ತದೆ.

ಒಂದು ವರ್ಷದ ದೃಶ್ಯ ಹೇಳುತ್ತೇನೆ. ರಾತ್ರಿ ಹತ್ತು ಗಂಟೆ. ಕರೆಂಟು ಹೋಗಿ ಬಂದು ಮಾಡುತ್ತಿದೆ. ಟೇಬಲ್ ಮೇಲೆ ಬಿಲ್ಲುಗಳ ಕಟ್ಟು, ಕೆಂಪು ದಾರ. ಒಬ್ಬ ಇಂಜಿನಿಯರ್ ಓಡಿ ಬಂದರು. ಅವರು ಒಂದು ತಾಲ್ಲೂಕಿಗೆ ಕಾಯಂ, ಇನ್ನೆರಡು ತಾಲ್ಲೂಕಿಗೆ ಇನ್‌ಚಾರ್ಜ್. ಕೈಕೆಳಗೆ ಮಂಜೂರಾದ ನಾಲ್ಕು ಹುದ್ದೆಗಳಲ್ಲಿ ಒಂದರಲ್ಲಿ ಮಾತ್ರ ಜನ. ಇನ್ನೊಬ್ಬರ ಹೆಸರು ಇಲ್ಲಿ, ಸಂಬಳ ಇಲ್ಲಿ, ಆಳು ಬೆಂಗಳೂರಿನಲ್ಲಿ ಡೆಪ್ಯುಟೇಷನ್. ಏಪ್ರಿಲ್‌ನಲ್ಲಿ ಆಗಬೇಕಿದ್ದ ಕ್ರಿಯಾಯೋಜನೆಗೆ ಒಪ್ಪಿಗೆ ಸಿಕ್ಕಿದ್ದು ನವೆಂಬರ್‌ನಲ್ಲಿ. ಟೆಂಡರ್ ಆಗಿದ್ದು ಫೆಬ್ರವರಿಯಲ್ಲಿ. ಈಗ ಮಾರ್ಚ್ ಎಂಡಿಂಗ್. ಹಣ ವಾಪಸ್ ಹೋದರೆ ಮುಂದಿನ ವರ್ಷ ಅನುದಾನ ಕಡಿಮೆ. ‘ಹೇಗಾದರೂ ಡ್ರಾ ಮಾಡಿಸಿ ಸಾರ್, ಪಿ.ಡಿ. ಖಾತೆಗೆ ಹಾಕಿಬಿಡೋಣ’ ಅಂತ ಅಂಗಲಾಚುತ್ತಿದ್ದಾರೆ. ಪಿ.ಡಿ. ಅಂದರೆ ಅಧಿಕಾರಿಯ ಹೆಸರಿನ ಠೇವಣಿ ಖಾತೆ. ಅಂದರೆ ಕೆಲಸ ಆಗಿಲ್ಲ, ದುಡ್ಡು ಮಾತ್ರ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಾರುತ್ತದೆ. ಏಪ್ರಿಲ್ ಮೊದಲ ವಾರದ ವರದಿಯಲ್ಲಿ ಅದು ‘ಶೇ. 97 ಆರ್ಥಿಕ ಸಾಧನೆ’ ಅಂತ ಕಾಣುತ್ತದೆ. ಮಹಾಲೇಖಪಾಲರ ವರದಿಗಳು ಇಂಥದ್ದನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತವೆ. ಮತ್ತೆ ಮತ್ತೆ ನಡೆಯುತ್ತದೆ.

ಇದನ್ನು ನೋಡಿದ ಮೇಲೆ ಸಮಾನತೆ, ದಕ್ಷತೆ ಎರಡೂ ತಕ್ಕಡಿಯ ಎರಡು ತಟ್ಟೆ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಅನ್ನುವ ಪಾಠದ ಮಾತು ನನಗೆ ಹಿಡಿಸಲಿಲ್ಲ. ಆ ತಾಲ್ಲೂಕಿನಲ್ಲಿ ಎರಡೂ ಇರಲಿಲ್ಲ. ಹಣ ಕೊಟ್ಟೆವು, ಹಣ ಬಳಸುವ ಕೈಗಳನ್ನು ಕೊಡಲಿಲ್ಲ. ಹಿಂದುಳಿದ ಊರಿನ ಮೊದಲ ಬಡತನ ಅಲ್ಲಿನ ಕಚೇರಿಯದ್ದು. ಖಾಲಿ ಕುರ್ಚಿಯೇ ಅಲ್ಲಿ ದೊಡ್ಡ ಅಸಮಾನತೆ. ಬೆಂಗಳೂರಿನಲ್ಲಿ ಒಂದು ಹುದ್ದೆ ಖಾಲಿಯಾದರೆ ಅರ್ಜಿ ಹಾಕುವವರು ಸಾಲುಗಟ್ಟುತ್ತಾರೆ. ಅಲ್ಲಿಗೆ ವರ್ಗವಾದರೆ ಮೊದಲು ಶಿಫಾರಸು ಪತ್ರ ಬರುತ್ತದೆ, ಆಮೇಲೆ ಮೆಡಿಕಲ್ ಸರ್ಟಿಫಿಕೇಟ್ ಬರುತ್ತದೆ, ನೌಕರ ಮಾತ್ರ ಬರುವುದಿಲ್ಲ. ಇದನ್ನು ನಾನು ನಗುತ್ತಾ ಹೇಳುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ.

ದೇಶದ ಮಟ್ಟದಲ್ಲೂ ಹೀಗೇ ಆಗಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೇಳಿದವರಿಗೆ ಕೆಲಸ ಕೊಡಬೇಕು ಅಂತ ಹೇಳಿತು. ಬಡವರು ಜಾಸ್ತಿ ಇರುವಲ್ಲಿ ಹಣ ಜಾಸ್ತಿ ಹೋಗಬೇಕಿತ್ತು. ಆದರೆ ಬಡವರ ಸಂಖ್ಯೆಗೆ ಹೋಲಿಸಿದರೆ ಬಿಹಾರ, ಉತ್ತರ ಪ್ರದೇಶಗಳಿಗಿಂತ ತಮಿಳುನಾಡಿನಂಥ ರಾಜ್ಯಗಳೇ ಚೆನ್ನಾಗಿ ಬಳಸಿಕೊಂಡವು. ಅರ್ಜಿ ತೆಗೆದುಕೊಂಡು, ಕಾಮಗಾರಿ ಶುರು ಮಾಡಿ, ಹಾಜರಿ ಬರೆದು, ಕೂಲಿ ಹಾಕುವ ಆಡಳಿತ ಇದ್ದದ್ದು ಅಲ್ಲಿ. ಕೇಂದ್ರದ ಹಲವು ಯೋಜನೆಗಳ 60:40 ಕೂಡ ಅದೇ ಜಾತಿ. ರಾಜ್ಯ 40 ಹಾಕಿದರೆ ಕೇಂದ್ರದ 60. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10 ರಿಯಾಯಿತಿ ಇದೆ, ಉಳಿದವರೆಲ್ಲ ಒಂದೇ ಸಾಲು. ಕೈಯಲ್ಲಿ 40 ಇಲ್ಲದವನು 60ನ್ನೂ ಕಳೆದುಕೊಳ್ಳುತ್ತಾನೆ. ಸಮನಾಗಿ ಹಂಚುವುದು ಬೇರೆ, ಸರಿಯಾಗಿ ಹಂಚುವುದು ಬೇರೆ.

ಹಾಗಂತ ದಕ್ಷತೆ ಅಂದರೆ ಬಡವರ ವೈರಿ ಅಂತ ತಿಳಿಯಬೇಡಿ. ಪಹಣಿಯನ್ನು ನೋಡಿ. 2000ದ ಸುಮಾರಿಗೆ ಭೂಮಿ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದ ಕಿಯಾಸ್ಕಿನಲ್ಲಿ ಪಹಣಿ ಸಿಗುತ್ತಿತ್ತು. ಅದಕ್ಕೆ ಮೊದಲು ಅದು ಗ್ರಾಮ ಲೆಕ್ಕಿಗರ ಚೀಲದಲ್ಲಿರುತ್ತಿತ್ತು. ಅವರು ಸಿಗಬೇಕು, ಸಿಕ್ಕಾಗ ಅವರ ಮನಸ್ಸು ಚೆನ್ನಾಗಿರಬೇಕು. ಜನ ವೇಗವನ್ನು ಹೊಗಳಿದರು. ನಾನು ಹೊಗಳುವುದು ಖಾತೆ ಬದಲಾವಣೆಯ ಒಂದು ಸಣ್ಣ ನಿಯಮವನ್ನು. ಮೊದಲು ಬಂದ ಅರ್ಜಿಯನ್ನು ಮೊದಲು ಮುಗಿಸಬೇಕು, ಕಂಪ್ಯೂಟರ್ ಬೇರೆಯವರದನ್ನು ಮೇಲೆ ಹಾಕಲು ಬಿಡುವುದಿಲ್ಲ. ಗೌಡರ ಅರ್ಜಿಯೂ ಸಾಲಿನಲ್ಲೇ ನಿಲ್ಲಬೇಕು. ಅಲ್ಲಿ ದಕ್ಷತೆ ಮತ್ತು ನ್ಯಾಯ ಒಂದೇ ಆಗಿದ್ದವು.

ಅದೇ ಯಂತ್ರ ನ್ಯಾಯಬೆಲೆ ಅಂಗಡಿಗೆ ಬಂದಾಗ ಕಥೆ ತಿರುಗಿತು. ಬೆರಳಚ್ಚು ಇಟ್ಟರೆ ಅಕ್ಕಿ. ಸುಳ್ಳು ಕಾರ್ಡುಗಳಿಗೆ ಕಡಿವಾಣ ಬಿತ್ತು, ಒಳ್ಳೆಯದೇ. ಆದರೆ ಐವತ್ತು ವರ್ಷ ಕಲ್ಲು ಒಡೆದವರ, ಪಾತ್ರೆ ತಿಕ್ಕಿದವರ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಒಬ್ಬ ಮುದುಕಪ್ಪ ಹೆಬ್ಬೆರಳನ್ನು ಪಂಚೆಗೆ ಒರೆಸಿ ಒರೆಸಿ ಯಂತ್ರದ ಮೇಲಿಡುತ್ತಿದ್ದ. ಕೆಂಪು ದೀಪ. ತಲೆಗೆ ಹಚ್ಚಿದ ಎಣ್ಣೆಯಲ್ಲಿ ಬೆರಳು ಸವರಿ ಮತ್ತೆ ಇಟ್ಟ. ಮತ್ತೆ ಕೆಂಪು. ‘ಮಧ್ಯಾಹ್ನ ಬಾ ತಾತ, ಸರ್ವರ್ ಸರಿ ಇಲ್ಲ.’ ತಾನೇನೋ ತಪ್ಪು ಮಾಡಿದ ಹಾಗೆ ಅವನು ತಲೆ ತಗ್ಗಿಸಿಕೊಂಡು ಚೀಲ ಮಡಚಿದ. ಬೆರಳು ಹಿಡಿಯದವರಿಗೆ ಬೇರೆ ದಾರಿ ಇರಬೇಕು ಅಂತ ಆದೇಶಗಳಿವೆ. ಆದರೆ ಆ ದಾರಿಯಲ್ಲಿ ಅಕ್ಕಿ ಕೊಟ್ಟರೆ ಅಂಗಡಿಯವನಿಗೆ ನೋಟಿಸ್ ಬರುವ ಭಯ. ವಾಪಸ್ ಕಳಿಸಿದರೆ ಯಾರೂ ಕೇಳುವುದಿಲ್ಲ. ನೀವಾಗಿದ್ದರೆ ಯಾವುದನ್ನು ಮಾಡುತ್ತಿದ್ದಿರಿ?

ಪಂಚಾಯಿತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 73ನೇ ತಿದ್ದುಪಡಿಯಾಗಿ ಮೂರು ದಶಕ ದಾಟಿದರೂ, ದೆಹಲಿಯಲ್ಲಿ ನಾವು ಕೇಳುವ ಹಕ್ಕನ್ನು ಪಂಚಾಯಿತಿಗೆ ಕೊಡುವಾಗ ನಮ್ಮ ಕೈ ನಡುಗುತ್ತದೆ. ಪಿಡಿಒಗಳನ್ನು ಕೇಳಿ ನೋಡಿ, ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಒಬ್ಬ ಹುಡುಗಿ ಕೇಳಿದಳು: ‘ಹಾಗಾದರೆ ನಷ್ಟದ ಬಸ್ಸು, ಹತ್ತೇ ಮಕ್ಕಳ ಶಾಲೆ, ಎಲ್ಲವನ್ನೂ ನಡೆಸಬೇಕಾ ಸರ್? ದುಡ್ಡು ಎಲ್ಲಿಂದ ಬರುತ್ತೆ?’ ಸರಿಯಾದ ಪ್ರಶ್ನೆ. ಎಲ್ಲವನ್ನೂ ನಡೆಸಲು ಆಗುವುದಿಲ್ಲ. ಮುಚ್ಚುವ ಮೊದಲು ಎರಡೂ ಕಡೆಯ ಲೆಕ್ಕ ಹಾಕಿ ಅನ್ನುವುದಷ್ಟೇ ನನ್ನ ಮಾತು. ಹತ್ತು ಮಕ್ಕಳ ಶಾಲೆ ಮುಚ್ಚಿ ಮೂರು ಕಿಲೋಮೀಟರ್ ದೂರದ ಒಳ್ಳೆ ಶಾಲೆಗೆ ವ್ಯಾನ್ ಕೊಟ್ಟರೆ ಮಕ್ಕಳಿಗೇ ಲಾಭವಾಗಬಹುದು. ಆದರೆ ಶಾಲೆ ಈ ವರ್ಷ ಮುಚ್ಚಿ, ವ್ಯಾನ್ ಮುಂದಿನ ಬಜೆಟ್‌ನಲ್ಲಿ ಅಂದರೆ, ಉಳಿದದ್ದು ಸರ್ಕಾರದ ದುಡ್ಡಲ್ಲ, ಆ ಮಕ್ಕಳ ಕಾಲಿನ ಸವೆತ. ಹಣ ಕೊಡುವ ಸರ್ಕಾರ ಒಂದು, ಶಾಲೆ ಮುಚ್ಚುವ ಸರ್ಕಾರ ಇನ್ನೊಂದು, ಬೈಸಿಕೊಳ್ಳುವ ಪಂಚಾಯಿತಿ ಮತ್ತೊಂದು. ಒಕ್ಕೂಟ ವ್ಯವಸ್ಥೆಯಲ್ಲಿ ಖರ್ಚನ್ನು ಪಕ್ಕದ ಮನೆಗೆ ತಳ್ಳುವುದು ಬಹಳ ಸುಲಭ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಸಿಗುತ್ತೋ ಇಲ್ಲವೋ ಗೊತ್ತಿಲ್ಲ ಅಂದೆ. ನಕ್ಕಳು.

ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಬಹಳ ಹೊತ್ತಿನಿಂದ ಕೈ ಎತ್ತಿದ್ದರು. ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವರಂತೆ. ಪ್ರಶ್ನೆ ಇಲ್ಲ, ನಿಮ್ಮ ಬಸ್ಸಿನ ಕಥೆಗೆ ಒಂದು ತಿದ್ದುಪಡಿ ಅಂದರು. ‘ಆ ಬೆಳಗಿನ ಟ್ರಿಪ್ಪು ಖಾಲಿ ಹೋಗ್ತಿತ್ತು ಅಂದ್ಕೊಂಡಿದೀರಾ ಸಾರ್? ನಿಲ್ಲೋಕೆ ಜಾಗ ಇರ್ತಿರಲಿಲ್ಲ. ಮುಕ್ಕಾಲು ಪಾಲು ಕಾಲೇಜು ಮಕ್ಕಳು, ಎಲ್ಲಾ ಪಾಸು. ಪಾಸಿನವರ ದುಡ್ಡು ಆ ಟ್ರಿಪ್ಪಿನ ಕಲೆಕ್ಷನ್ನಿಗೆ ಸೇರಲ್ಲ. ಅದಕ್ಕೇ ನಿಮ್ಮ ಮ್ಯಾನೇಜರ್ ಹಾಳೇಲಿ ಬಸ್ ಖಾಲಿ.’

ಹಾಗಾದರೆ ಎಷ್ಟು ಮಕ್ಕಳು ಹೋಗುತ್ತಿದ್ದರು ಅನ್ನುವುದು ಎಲ್ಲೂ ದಾಖಲಾಗುತ್ತಲೇ ಇರಲಿಲ್ಲವಾ ಅಂತ ಕೇಳಿದೆ.

‘ನಮ್ಮ ಡಿಪೋದಲ್ಲಿ ಹಾಳೆಯ ಕೊನೇಲಿ ಪಾಸಿಗೂ ಒಂದು ಕಾಲಂ ಇತ್ತು ಸಾರ್’ ಅಂದರು. ‘ನಾನು ದಿನಾ ಬರೀತಿದ್ದೆ. ಯಾರೂ ಅದನ್ನ ಕೂಡಿಸ್ತಿರಲಿಲ್ಲ.’